ಕಾಣದ ಬೋಲ್ಟು

ನಮ್ಮೂರಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಉದ್ಯಮಬಾಗದ ಕಡೆ ಹೋದರೆ ಫೌಂಡ್ರಿ, ಮಷೀನ್ ಶಾಪುಗಳದೇ ಸದ್ದು. ಅಂಥ ಬೆಳಗಾವಿಯಲ್ಲಿ ಹುಟ್ಟಿ ಬೆಳೆದವನು ಒಂದೇ ಒಂದು ಬೋಲ್ಟಿಗೆ ಇಡೀ ಭಾನುವಾರ ಕೈಮುಗಿದು ಕೂತೆ.

ಕಾರು ಹಳೆಯದು. ಚಾವಿ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಆಮೇಲೆ ಏನೂ ಇಲ್ಲ. ಸ್ಟಾರ್ಟರ್ ಮೋಟರಿಗೆ ಸುತ್ತಿಗೆಯಿಂದ ಮೆಲ್ಲಗೆ ಎರಡು ಬಡಿದರೆ ಚಾಲೂ ಆಗುತ್ತಿತ್ತು. ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದರೆ ಹೀಗಾಗುತ್ತದೆ. ಒಂದು ತಿಂಗಳು ಬಡಿದೇ ಓಡಿಸಿದೆ. ಒಮ್ಮೆ ಮದುವೆ ಮಂಟಪದ ಎದುರು, ಹೊಸ ಅಂಗಿ ಹಾಕಿಕೊಂಡು, ಬಾನೆಟ್ ಎತ್ತಿ ಬಡಿಯುತ್ತಿದ್ದಾಗ ಬೀಗರೆಲ್ಲ ಸಾಲಾಗಿ ನಿಂತು ನೋಡಿದರು. ಇನ್ನು ಬಿಚ್ಚಲೇಬೇಕು ಅನಿಸಿತು.

ಮೊದಲು ಬ್ಯಾಟರಿಯ ಮೈನಸ್ ವೈರ್ ತೆಗೆದೆ. ಸ್ಟಾರ್ಟರಿಗೆ ಬರುವ ದಪ್ಪ ವೈರಿನಲ್ಲಿ ಚಾವಿ ತೆಗೆದಿದ್ದರೂ ಕರೆಂಟ್ ಇರುತ್ತದೆ. ಪಾನಾ ತಾಗಿದರೆ ಅಲ್ಲೇ ದೀಪಾವಳಿ. ಅವತ್ತು ನಾನು ತೋರಿಸಿದ ಬುದ್ಧಿ ಇದೊಂದೇ.

ಮೋಟರನ್ನು ಹಿಡಿದಿದ್ದು ಎರಡೇ ಬೋಲ್ಟು. ಕೆಳಗಿನದು ಐದು ನಿಮಿಷದಲ್ಲಿ ಬಂತು. ಮೇಲಿನದು ಮಾತ್ರ ಇಂಜಿನ್ನು ಗೇರ್‌ಬಾಕ್ಸು ಸೇರುವ ಸಂದಿಯಲ್ಲಿ, ಪೈಪುಗಳ ಹಿಂದೆ, ಸೋದರಮಾವನ ಹಿಂದೆ ಅಡಗಿದ ತುಂಟ ಹುಡುಗನ ಹಾಗೆ ಕೂತಿತ್ತು. ಕಣ್ಣು ಹಾಕಿದರೆ ಕೈ ಹೋಗಲ್ಲ, ಕೈ ಹಾಕಿದರೆ ಕಣ್ಣಿಗೆ ಕಾಣಲ್ಲ. ಹಿಂದಿನ ರಾತ್ರಿಯೇ ಚಿಮಣಿ ಎಣ್ಣೆ ಬಿಟ್ಟಿದ್ದೆ. ಆದರೆ ನಮ್ಮ ಮಳೆಗಾಲ ಎಂಥದ್ದು ಅಂತ ಗೊತ್ತಲ್ವಾ? ಕೊಡೆಯ ಕಡ್ಡಿಯನ್ನೂ ಬಿಡುವುದಿಲ್ಲ. ಕಬ್ಬಿಣ ತುಕ್ಕಾದರೆ ಊದಿಕೊಂಡು ಜಾಸ್ತಿ ಜಾಗ ಕೇಳುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಜಾಗ ಎಲ್ಲಿದೆ? ಕಚ್ಚಿಕೊಳ್ಳುತ್ತದೆ.

ಕಾಲು ಗಂಟೆ ಜೋರಾಗಿ ತಿರುಗಿಸಿದೆ. ಆಮೇಲೆ ಹೊಳೆಯಿತು, ನಾನು ಬಿಚ್ಚುತ್ತಿಲ್ಲ, ಬಿಗಿ ಮಾಡುತ್ತಿದ್ದೇನೆ. ಬೋಲ್ಟಿನ ತಲೆ ಇರುವುದು ಆ ಕಡೆ ಮುಖ ಮಾಡಿ, ನಾನು ಬಗ್ಗಿ ನಿಂತಿದ್ದು ಈ ಕಡೆ. ಗಡಿಯಾರವನ್ನು ಬೆನ್ನ ಕಡೆಯಿಂದ ನೋಡಿದರೆ ಮುಳ್ಳು ಉಲ್ಟಾ ತಿರುಗುತ್ತದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆ ಕಾಕಾ ಬಂದರು. ಗೋಕಾಕದ ಕಡೆ ಎಮ್ಮೆ ಕಟ್ಟಿ ಬದುಕಿದವರು. ಕಾರಿನ ಬಾನೆಟ್ ಎತ್ತಿದವರಲ್ಲ.

“ಏನೋ ತಮ್ಮಾ, ಇನ್ನೂ ಬಿಚ್ಚಿಲ್ಲೇನು?”

“ಕಾಣವಲ್ದು ಕಾಕಾ.”

“ಎಮ್ಮಿ ಹೊಟ್ಯಾಗ ಕರಾ ಅಡ್ಡ ಬಿದ್ದಾಗ ಏನ್ ಕಾಣಸ್ತೈತಿ? ಟಾರ್ಚ್ ಬಾಜೂಕ ಇಡು. ಕಣ್ಣ ಮುಚ್ಚು.”

ಸುಮ್ನೆ ಅವರ ಸಮಾಧಾನಕ್ಕೆ ಮುಚ್ಚಿದೆ. ಬೆರಳಿಗೆ ಮೊದಲು ಜಿಡ್ಡು ಸಿಕ್ಕಿತು, ಆಮೇಲೆ ರಬ್ಬರ್ ಪೈಪು, ಅದರ ಹಿಂದೆ ಒಂದು ಚೂಪು ಮೂಲೆ. ಒಂದು, ಎರಡು, ಮೂರು... ಆರು ಮೂಲೆ ಎಣಿಸಿದೆ. ಇಷ್ಟು ಹೊತ್ತು ಟಾರ್ಚಿನ ಬೆಳಕಿನಲ್ಲಿ ಸಿಗದಿದ್ದದ್ದು ಕತ್ತಲಲ್ಲಿ ಪೂರ್ತಿ ಕಂಡಿತು.

ಕಚ್ಚಿದ ಬೋಲ್ಟಿಗೆ ಮೊದಲು ರಿಂಗ್ ಪಾನಾನೇ ಹಾಕಬೇಕು. ಬಾಯಿ ತೆರೆದ ಪಾನಾ ಹಾಕಿದರೆ ಮೂಲೆ ಸವೆದು ಬೋಲ್ಟು ಗುಂಡಗಾಗುತ್ತದೆ, ಆಮೇಲೆ ದೇವರೇ ಗತಿ. ರಿಂಗ್ ಕೂರಿಸಿ, ಕಾಲು ಊರಿ ಎಳೆದೆ. ಕಡಕ್! ಎಲುಬೋ ಬೋಲ್ಟೋ ಅಂತ ಒಂದು ಕ್ಷಣ ಅನುಮಾನ. ಬೋಲ್ಟೇ.

ಅಲ್ಲಿಂದ ಬಾಯಿ ಪಾನಾದ ಪಾಳಿ. ಅದರ ಬಾಯಿ 15 ಡಿಗ್ರಿ ವಾರೆ ಇರುತ್ತದೆ. ಮಾಡಿದವನ ಕೈ ನಡುಗಿರಬೇಕು ಅಂತ ಚಿಕ್ಕಂದಿನಲ್ಲಿ ಅಂದುಕೊಂಡಿದ್ದೆ. ಸಂದಿಯಲ್ಲಿ 30 ಡಿಗ್ರಿ ತಿರುಗಿಸಿ, ತೆಗೆದು ಮಗುಚಿ ಹಾಕಿದರೆ ಮತ್ತೆ ಹಿಡಿಯುತ್ತದೆ. ಬೋಲ್ಟು ಒಂದು ಪೂರ್ತಿ ಸುತ್ತು ತಿರುಗಬೇಕಾದರೆ ಹೀಗೆ 12 ಸಲ. ಮಗುಚು, ಹಾಕು, ಎಳೆ. ದೋಸೆ ಮಾಡಿದ ಹಾಗೆ. ಎರಡು ಸಲ ಚಹಾ ಬಂತು, ಎರಡೂ ಆರಿತು.

ಕೊನೆಗೆ ಬೆರಳಲ್ಲೇ ತಿರುಗುವಷ್ಟು ಸಡಿಲಾಯಿತು. ಎರಡು ಬೆರಳಿನ ತುದಿಯಲ್ಲಿ ಹಿಡಿದು ಈಚೆ ಎಳೆದೆ. ಜಿಡ್ಡು. ಜಾರಿತು. ಟಣ್, ಟಿಣ್... ನೆಲಕ್ಕೆ ಬಿದ್ದ ಸದ್ದು ಬರಲೇ ಇಲ್ಲ.

“ಬಂತೇನ್ರೀ?” ಒಳಗಿನಿಂದ ಹೆಂಡತಿ ಕೂಗಿದಳು.

“ಬಂತು.”

“ಎಲ್ಲೈತಿ? ತೋರಸ್ರಿ ನೋಡೋಣು.”

ಕಾಕಾ ಆಗಲೇ ತಮ್ಮ ಗೇಟು ದಾಟಿದ್ದರು. ನಾನು ಹಳೆ ರೇಡಿಯೊದ ಸ್ಪೀಕರ್ ಒಡೆದು ಮ್ಯಾಗ್ನೆಟ್ ತೆಗೆಯಲು ಕೂತೆ.