ಧನುರ್ಮಾಸದ ಚಳಿಗೆ ಹಾವಿಗೊಂದು ಹೀಟರು

ಮೈಸೂರಿನ ಹಳೇ ಮನೆಗಳನ್ನು ಕಟ್ಟಿಸಿದವರ ತಲೆಯಲ್ಲಿ ಬೇಸಿಗೆಯೊಂದೇ ಇತ್ತು. ಎತ್ತರದ ಸೂರು, ಗಾಳಿ ನುಸುಳುವ ಹೆಂಚು, ಕೆಂಪು ಗಾರೆ ನೆಲ. ಏಪ್ರಿಲ್‌ನಲ್ಲಿ ಸ್ವರ್ಗ. ಹೊರಗೆ 15-16 ಡಿಗ್ರಿಗೆ ಇಳಿದ ಧನುರ್ಮಾಸದ ಬೆಳಗಿನ ಜಾವ ಅದೇ ನೆಲದ ಮೇಲೆ ಕಾಲಿಟ್ಟರೆ, ಗುಡಿಯ ಹುಗ್ಗಿಯ ಆಸೆಯನ್ನೂ ಬಿಟ್ಟು ಮತ್ತೆ ರಗ್ಗಿನೊಳಗೆ ಸೇರಿಕೊಳ್ಳೋಣ ಅನಿಸುತ್ತದೆ. ನಮಗೆ ರಗ್ಗು ಸಾಕು, ಒಳಗೆ ನಮ್ಮದೇ ಒಲೆ ಉರಿಯುತ್ತಿರುತ್ತದೆ. ಮನೆಯಲ್ಲಿ ಸಾಕಿದ ಹಾವಿಗೆ ಆ ಒಲೆ ಇಲ್ಲ. "ಪಾಪ, ಮಗೂಗೆ ಚಳಿ" ಅಂತ ಅಜ್ಜಿ ಅದರ ಮೇಲೆ ಹಳೇ ಶಾಲು ಹೊದಿಸಿದರೆ ಕರುಣೆಯೇನೋ ದೊಡ್ಡದು, ಆದರೆ ತಣ್ಣಗಿದ್ದ ಹಾವು ಶಾಲಿನೊಳಗೂ ತಣ್ಣಗೇ ಇರುತ್ತದೆ.

ಹಾವು ಅಂದರೆ ಇಲ್ಲಿ ಕಬ್ಬಿನ ಗದ್ದೆಯಿಂದ ಎತ್ತಿಕೊಂಡು ಬಂದಿದ್ದಲ್ಲ. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಯಾವುದನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಆಫ್ರಿಕಾ ಮೂಲದ ಸಣ್ಣ ಹೆಬ್ಬಾವಾದ ಬಾಲ್ ಪೈಥಾನನ್ನು ಕೂಡ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಿಯೇ ಸಾಕಬೇಕು. ಕಾಗದ ಸರಿಯಿದ್ದರೆ ಮುಂದಿನ ಮಾತು.

ಬಾಲ್ ಪೈಥಾನಿನ ಗಾಜಿನ ಪೆಟ್ಟಿಗೆಯಲ್ಲಿ ಒಂದು ತುದಿಯ ನೆಲ 31-32 ಡಿಗ್ರಿ, ಇನ್ನೊಂದು ತುದಿ 25-26 ಇರಬೇಕು. ರಾತ್ರಿ ಎಲ್ಲೂ 24ಕ್ಕಿಂತ ಕೆಳಗಿಳಿಯಬಾರದು. ಎರಡೂ ತುದಿಯಲ್ಲಿ ಅಡಗಲು ಒಂದೊಂದು ಗೂಡು. ಎಲ್ಲಿ ಮಲಗಬೇಕು ಅನ್ನುವುದು ಹಾವಿನ ಆಯ್ಕೆ. ಇಡೀ ಪೆಟ್ಟಿಗೆಯನ್ನು ಒಂದೇ ಸಮ ಕಾಯಿಸಿಟ್ಟು "ಬೆಚ್ಚಗಿದೆ" ಅಂತ ಬೀಗಿದರೆ, ಅದಕ್ಕೆ ಬಿಸಿಯಾದಾಗ ಹೋಗಲು ಜಾಗವೇ ಇರುವುದಿಲ್ಲ. ಅಮೆರಿಕ ಮೂಲದ ಕಾರ್ನ್ ಸ್ನೇಕ್ ಸಾಕಿದವರು ಪುಣ್ಯವಂತರು. ಅದಕ್ಕೆ 28-30 ಮತ್ತು 22-24 ಸಾಕು, ಮೈಸೂರಿನ ಹವೆ ಅರ್ಧ ಕೆಲಸ ಮಾಡಿಕೊಡುತ್ತದೆ.

ಮಂಡ್ಯ ಕಡೆಯ ಯಾವ ಮಾವನನ್ನು ಕೇಳಿದರೂ ಪರಿಹಾರ ಒಂದೇ: "ಕೋಳಿಮರಿಗೆ ಹಾಕಕ್ಕಿಲ್ವಾ? ಹಂಗೇ ಒಂದು ಅರವತ್ ಕ್ಯಾಂಡ್ಲು ಬಲ್ಬ್ ಇಳಿಬುಟ್ಟು ಬುಡು ಅತ್ಲಾಗೆ!" ಕೋಳಿಮರಿ ಜಾಣ, ಬಿಸಿಯಾದರೆ ದೂರ ಸರಿಯುತ್ತದೆ. ಹಾವು ಹೋಗಿ ಬಲ್ಬನ್ನೇ ಸುತ್ತಿಕೊಳ್ಳುತ್ತದೆ. ಹೊಟ್ಟೆಯ ಹುರುಪೆ ಸುಡುತ್ತಿದ್ದರೂ ಅಲುಗದೆ ಮಲಗಿರುವ ಹಾವುಗಳುಂಟು. ಬೆಳಕು ಕೊಡದ ಸಿರಾಮಿಕ್ ಹೀಟರ್ ಆದರೂ ಸುತ್ತ ತಂತಿಯ ಪಂಜರ ಬೇಕೇ ಬೇಕು. ಅದನ್ನು ಮಾಮೂಲಿ ಪ್ಲಾಸ್ಟಿಕ್ ಹೋಲ್ಡರಿಗೆ ತಿರುಗಿಸಿದರೆ ಹೋಲ್ಡರ್ ಕರಗಿ ಮನೆಯೆಲ್ಲ ವಾಸನೆ; ಪಿಂಗಾಣಿ ಹೋಲ್ಡರೇ ತನ್ನಿ.

ಸಾಮಾನ್ಯವಾಗಿ ಎಲ್ಲರೂ ಹೀಟ್ ಮ್ಯಾಟಿನಿಂದಲೇ, ಅಂದರೆ ಕರೆಂಟಿಗೆ ಕಾಯುವ ತೆಳು ಹಾಳೆಯಿಂದಲೇ, ಶುರುಮಾಡುತ್ತಾರೆ. ಒಳ್ಳೆಯದೇ. ಪೆಟ್ಟಿಗೆಯ ತಳದ ಮೂರರಲ್ಲಿ ಒಂದು ಭಾಗ ಮುಚ್ಚುವಷ್ಟು ಮ್ಯಾಟು ಸಾಕು, ಅಂಟಿಸುವುದು ಗಾಜಿನ ಹೊರಗಡೆ, ಅಡಿಗೆ. ಪೆಟ್ಟಿಗೆಯ ನಾಲ್ಕು ಮೂಲೆಗೂ ರಬ್ಬರ್ ಬುಷ್ ಕೊಟ್ಟು ಐದಾರು ಮಿಲಿಮೀಟರ್ ಎತ್ತರಿಸಿ, ಇಲ್ಲದಿದ್ದರೆ ಬಿಸಿ ಅಲ್ಲೇ ಕೂತು ಗಾಜು ಚಟ್ ಅನ್ನುತ್ತದೆ. ಗಾರೆ ನೆಲದ ಮೇಲಂತೂ ಇಡಲೇಬೇಡಿ, ಮರದ ಮಣೆಯೋ ಸ್ಟೂಲೋ ಹಾಕಿ. ಒಳಗೆ ಕೋಕೋಪೀಟ್ ಒಂದೆರಡು ಸೆಂಟಿಮೀಟರ್ ಹರಡಿದರೆ ಸಾಕು. ತೆಂಗಿನ ಸೀಮೆಯವರಲ್ಲವೇ, ಅಗ್ಗಕ್ಕೆ ಸಿಕ್ಕಿತು ಅಂತ ಅರ್ಧ ಅಡಿ ತುಂಬಿದರೆ ಬಿಸಿ ಮೇಲೇರುವುದೇ ಇಲ್ಲ. ಹಾವು ತೋಡಿಕೊಂಡು ಹೋಗಿ ಕಾದ ಗಾಜಿನ ಮೇಲೆಯೇ ಮಲಗುತ್ತದೆ.

ಆನ್‌ಲೈನಿನಲ್ಲಿ "ಇಂಪೋರ್ಟೆಡ್" ಮ್ಯಾಟು ಕೊಂಡವರು ಹಿಂದಿನ ಲೇಬಲ್ ಓದಬೇಕು. 110 ವೋಲ್ಟಿನ 14 ವಾಟ್ ಮ್ಯಾಟಿಗೆ ನಮ್ಮ 230 ವೋಲ್ಟು ಕೊಟ್ಟರೆ ಅದು 60 ವಾಟಿನಷ್ಟು ಎಳೆಯುತ್ತದೆ, ಸುಟ್ಟು ಹೋಗುವ ತನಕ. ಹಳ್ಳಿ ಕಡೆ ಇದರ ಉಲ್ಟಾ. ಸುತ್ತಮುತ್ತಲ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ವೋಲ್ಟೇಜು 180ಕ್ಕೆ ಬಿದ್ದರೆ 20 ವಾಟಿನ ಮ್ಯಾಟು 12 ವಾಟಾಗಿ ಕೂರುತ್ತದೆ. ಚಳಿ ಹೆಚ್ಚಾದ ರಾತ್ರಿಯೇ ಹೀಗಾಗುವುದು, ಅದು ಅದರ ಧರ್ಮ.

ಬೇಕಾದಷ್ಟು ಬಿಸಿಯಾದ ಕೂಡಲೇ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಇಲ್ಲದ ಮ್ಯಾಟು ಹಾವಿಗಲ್ಲ, ದೋಸೆಗೆ. ಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರಿನ ಅಗ್ಗದ ಕಂಟ್ರೋಲರು ಸಾಕಾಗುತ್ತದೆ, ಆದರೆ ಕೆಲವಕ್ಕೆ ಬಿಸಿಗೊಂದು, ತಂಪಿಗೊಂದು ರಿಲೇ, ಅಂದರೆ ತಾನೇ ಆನ್-ಆಫ್ ಆಗುವ ಸ್ವಿಚ್ಚು, ಇರುತ್ತದೆ. ಎಲೆಕ್ಟ್ರಿಷಿಯನ್ ಆತುರದಲ್ಲಿ ಮ್ಯಾಟನ್ನು ತಂಪಿನ ರಿಲೇಗೆ ಕೊಟ್ಟುಬಿಟ್ಟನೋ, ಬಿಸಿ ಹೆಚ್ಚಾದಷ್ಟೂ "ಇನ್ನೂ ತಂಪು ಮಾಡು" ಅಂತ ಅದು ಮ್ಯಾಟನ್ನೇ ಉರಿಸುತ್ತದೆ. ಹಾವು ಬಿಡುವ ಮುಂಚೆ ಎರಡು ದಿನ ಖಾಲಿ ಪೆಟ್ಟಿಗೆ ಓಡಿಸಿ ನೋಡಿ ಅನ್ನುವುದು ಇದಕ್ಕೇ. ರಿಲೇ ಅಂಟಿಕೊಂಡು ಆನ್ ಆಗಿಯೇ ಉಳಿಯುವುದೂ ಉಂಟು. ಮೊದಲ ಕಂಟ್ರೋಲರಿನ ಸಾಲಿನಲ್ಲೇ 36 ಡಿಗ್ರಿಗೆ ಕಟ್ ಆಗುವಂತೆ ಇನ್ನೊಂದು ಕಂಟ್ರೋಲರನ್ನು ಹಾಕಿದರೆ ನಿಮಗೂ ನಿದ್ದೆ ಬರುತ್ತದೆ.

ಥರ್ಮೋಸ್ಟಾಟಿಗೆ ಬಿಸಿ ಅಳೆದು ಹೇಳುವ ತಂತಿಯ ತುದಿ, ಅಂದರೆ ಪ್ರೋಬ್, ಎಲ್ಲಿರಬೇಕು? ಮ್ಯಾಟಿಗೂ ಗಾಜಿಗೂ ನಡುವೆ. ಪೆಟ್ಟಿಗೆಯೊಳಗೆ ಸಡಿಲ ಬಿಟ್ಟರೆ ಹಾವು ಅದನ್ನು ತಂಪು ಮೂಲೆಗೆ ಎಳೆದುಕೊಂಡು ಹೋಗುತ್ತದೆ, ಇಲ್ಲವೇ ನೀರಿನ ಬಟ್ಟಲಿಗೆ ಇಳಿಬಿಡುತ್ತದೆ. ಪ್ರೋಬು "ಚಳಿ ಚಳಿ" ಅನ್ನುತ್ತದೆ, ಮ್ಯಾಟು ಕಾಯುತ್ತಲೇ ಹೋಗುತ್ತದೆ. ಒಳಗಿನ ನೆಲವನ್ನು ಅಳೆಯಲು ಇನ್‌ಫ್ರಾರೆಡ್ ಗನ್ ಒಂದಿರಲಿ. ಮುಚ್ಚಳ ತೆಗೆದೇ ಹಿಡಿಯಿರಿ. ಗಾಜಿನ ಹೊರಗಿನಿಂದ ಹಿಡಿದರೆ ಬರುವುದು ಗಾಜಿನ ಉಷ್ಣಾಂಶ.

ಮ್ಯಾಟು ನೆಲ ಕಾಯಿಸುತ್ತದೆ, ಗಾಳಿಯನ್ನಲ್ಲ. ಜಾಲರಿ ಮುಚ್ಚಳವಿದ್ದರೆ ಅದರ ಮೂರರಲ್ಲಿ ಎರಡು ಪಾಲು ಅಕ್ರಿಲಿಕ್ ಹಾಳೆಯಿಂದ ಮುಚ್ಚಿ, ಹಿಂದೆ ಮತ್ತು ಎರಡು ಬದಿಗೆ ಹೊರಗಿನಿಂದ ಥರ್ಮಾಕೋಲ್ ಕೊಡಿ. ಹೊಸ ಟಿವಿ ಬಂದ ಪೆಟ್ಟಿಗೆಯದೇ ಆದೀತು. ಇದರಿಂದ ತೇವವೂ ಉಳಿಯುತ್ತದೆ. ತೇವ ಶೇಕಡಾ 55ಕ್ಕಿಂತ ಕೆಳಗಿಳಿದರೆ ಪೊರೆ ಒಂದೇ ಕಾಲುಚೀಲದಂತೆ ಕಳಚದೆ ತುಂಡು ತುಂಡಾಗಿ ಬರುತ್ತದೆ. ತಣ್ಣಗಾದ ಹಾವು ನುಂಗಿದ ಇಲಿಯನ್ನು ಜೀರ್ಣಿಸಿಕೊಳ್ಳಲಾರದೆ ವಾಪಸು ಕಕ್ಕುತ್ತದೆ. ಆ ವಾಸನೆ ಬಂದ ದಿನ ಮನೆಯವರು ಹಾವನ್ನೂ ಸಾಕಿದವರನ್ನೂ ಒಟ್ಟಿಗೇ ಹೊರಗೆ ಹಾಕುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡ ಗಂಡಾಂತರ ಹಿರಿಯರ ಕೈಬೆರಳಿನಲ್ಲಿದೆ. ಹಬ್ಬಕ್ಕೆ ಊರಿಗೆ ಹೊರಡುವಾಗ ಗ್ಯಾಸ್ ಬಂದ್ ಮಾಡಿ, ಮೇನ್ ಸ್ವಿಚ್ಚನ್ನೂ ಇಳಿಸದೆ ಬೀಗ ಹಾಕುವವರು ಯಾರಿದ್ದಾರೆ? ಸ್ವಿಚ್ಚಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮೇನ್ ಬೋರ್ಡಿನ ಮೇಲೆ "ಹಾವಿದೆ" ಅಂತ ಬರೆದು ಅಂಟಿಸಿ. ಟೇಪಿಗಿಂತ ಆ ಚೀಟಿಗೇ ಬೆಲೆ ಜಾಸ್ತಿ. ಬಿಲ್ಲಿನ ವಿಷಯಕ್ಕೆ ಬಂದರೆ, 20 ವಾಟಿನ ಮ್ಯಾಟು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 14-15 ಯೂನಿಟ್. 100 ವಾಟಿನ ಸಿರಾಮಿಕ್ ಅರ್ಧ ಹೊತ್ತು ಉರಿದರೆ 36. ಗೃಹಜ್ಯೋತಿಯ 200ರ ಗೆರೆಯ ಹತ್ತಿರವೇ ಇರುವ ಮನೆಗೆ ಇದು ಗಂಭೀರ ವಿಷಯ, ಗೆರೆ ದಾಟಿದರೆ ಇಡೀ ಬಿಲ್ಲು ಹೆಗಲಿಗೆ.

ಕರೆಂಟು ಹೋದರೆ ಮ್ಯಾಟನ್ನು ಧೈರ್ಯವಾಗಿ ಇನ್ವರ್ಟರಿನ ಲೈನಿಗೆ ಕೊಡಿ, ಹತ್ತು ಗಂಟೆಗೆ 200 ವಾಟ್-ಅವರ್ ಕೂಡ ದಾಟುವುದಿಲ್ಲ. ಸಿರಾಮಿಕ್ ಕೊಟ್ಟರೆ ಮಾತ್ರ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಇನ್ವರ್ಟರೇ ಇಲ್ಲವೆಂದರೆ ಬಿಸಿನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಒಂದು ತುದಿಗೆ ಇಟ್ಟು, ಎರಡು ಮೂರು ಗಂಟೆಗೊಮ್ಮೆ ಬದಲಿಸಿ. ಅಜ್ಜಿಯ ಶಾಲು ಈಗ ಬೇಕಾಗುತ್ತದೆ, ಪೆಟ್ಟಿಗೆಯ ಹೊರಗಿನಿಂದ ಹೊದಿಸಲು. ಗಾಳಿಯ ತೂತು ಮಾತ್ರ ಬಿಟ್ಟು ಹೊದಿಸಿ.