ಎಂವಿಸಿ ಬಳಸಿದ ಮಾತ್ರಕ್ಕೆ ಪೋರ್ಟಲ್ ಭದ್ರವಾಗುವುದಿಲ್ಲ

ದಾವಣಗೆರೆಯ ಬಿಸಿಎ, ಎಂಸಿಎ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಎಂವಿಸಿ (ಮಾಡೆಲ್-ವ್ಯೂ-ಕಂಟ್ರೋಲರ್) ಎಂಬ ಕೋಡ್ ಜೋಡಿಸುವ ವಿಧಾನದ ಬಗ್ಗೆ ಒಂದು ಮಾತು ಓಡಾಡುತ್ತಿದೆ: ‘ಎಂವಿಸಿಯನ್ನು ಮೈಕ್ರೋಸಾಫ್ಟ್ 2009ರಲ್ಲಿ ಕಂಡುಹಿಡಿಯಿತು. ಅದರಲ್ಲಿ ಪೋರ್ಟಲ್ ಮಾಡಿದರೆ ಯಾರೂ ಹ್ಯಾಕ್ ಮಾಡೋಕಾಗಲ್ಲ.’ ಎರಡೂ ತಪ್ಪು.

2009ರಲ್ಲಿ ಬಂದದ್ದು ಮೈಕ್ರೋಸಾಫ್ಟ್‌ನ ಫ್ರೇಮ್‌ವರ್ಕ್ (ಸಿದ್ಧ ಕೋಡ್ ಚೌಕಟ್ಟು) ಆದ ಎಎಸ್‌ಪಿ ಡಾಟ್ ನೆಟ್ ಎಂವಿಸಿಯ ಮೊದಲ ಆವೃತ್ತಿ. ಮೂಲ ವಿಚಾರ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಅವರದು. 1979ರಲ್ಲಿ ಅಮೆರಿಕದ ಸಂಶೋಧನಾ ಕೇಂದ್ರ ಜೆರಾಕ್ಸ್ ಪಾರ್ಕ್‌ನಲ್ಲಿದ್ದಾಗ ಅವರು ಅದನ್ನು ಬರೆದಿಟ್ಟರು. ಆಗ ವೆಬ್ಬೇ ಇರಲಿಲ್ಲ!

ಎರಡನೆಯ ಮಾತು ಜಾಸ್ತಿ ಅಪಾಯದ್ದು. ಎಂವಿಸಿ ಕೋಡನ್ನು ಮೂರು ಪಾಲು ಮಾಡುತ್ತದೆ. ಮಾಡೆಲ್‌ನಲ್ಲಿ ಮಾಹಿತಿ ಮತ್ತು ಅದರ ನಿಯಮ, ವ್ಯೂನಲ್ಲಿ ಕಾಣುವ ಪುಟ, ಕಂಟ್ರೋಲರ್‌ನಲ್ಲಿ ಬಂದ ಕೋರಿಕೆಗೆ ದಾರಿ. ಇದು ಅಚ್ಚುಕಟ್ಟಿನ ವಿಷಯ, ಬೀಗದ್ದಲ್ಲ.

ನೀವು ಮೆಕ್ಕೆಜೋಳ ಮಾರುವ ರೈತರಿಗೆ ಒಂದು ಪೋರ್ಟಲ್ ಕಟ್ಟಿದಿರಿ ಅಂದುಕೊಳ್ಳಿ. ಒಬ್ಬ ರೈತ ಲಾಗಿನ್ ಆಗಿ ತನ್ನ ಬಿಲ್ ತೆರೆಯುತ್ತಾನೆ. ಆ ಪುಟದ ವೆಬ್ ವಿಳಾಸದ ಕೊನೆಯಲ್ಲಿ 51 ಇದೆ. ಸುಮ್ನೆ 52 ಅಂತ ಬದಲಿಸಿದರೆ ಬೇರೆಯವರ ಬಿಲ್ಲೇ ತೆರೆದುಕೊಳ್ಳಬಹುದು. ಲಾಗಿನ್ ಆಗಿದೆಯೇ ಎಂದು ನೋಡಿದರೆ ಸಾಲದು, ಆ ಬಿಲ್ ಅವನದೇನಾ ಎಂದೂ ಸರ್ವರ್‌ನಲ್ಲೇ ನೋಡಬೇಕು. ಆ ಸಾಲನ್ನು ಬರೆಯಬೇಕಾದವರು ನೀವೇ ಅಲ್ವಾ? ಬಳಕೆದಾರ ಟೈಪ್ ಮಾಡಿದ್ದನ್ನು ನೇರವಾಗಿ, ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಸಾಲಿಗೆ ಅಂಟಿಸಿದರೂ ಅಷ್ಟೇ, ಎಂವಿಸಿ ತಡೆಯುವುದಿಲ್ಲ. ಅದನ್ನು ಆಜ್ಞೆಯಿಂದ ಬೇರೆಯಾಗಿಡುವ ಪ್ಯಾರಾಮೀಟರ್ ಬಳಸಿ.

ಫ್ರೇಮ್‌ವರ್ಕ್‌ಗಳು ಒಂದಿಷ್ಟು ಸಹಾಯ ಮಾಡುತ್ತವೆ, ನಿಜ. ಎಎಸ್‌ಪಿ ಡಾಟ್ ನೆಟ್‌ನ ರೇಜರ್ ವ್ಯೂ ಎಚ್‌ಟಿಎಂಎಲ್ ಚಿಹ್ನೆಗಳನ್ನು ತಾನೇ ನಿರುಪದ್ರವಿ ಮಾಡಿ ತೋರಿಸುತ್ತದೆ. ಆದರೆ ‘ಎಚ್‌ಟಿಎಂಎಲ್ ಡಾಟ್ ರಾ’ (ಇದ್ದಂತೆಯೇ ತೋರಿಸು) ಎಂದು ಬರೆದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು. ಪ್ರಾಜೆಕ್ಟ್ ಒಪ್ಪಿಸುವ ಮೊದಲು ಆ 52ರ ಪರೀಕ್ಷೆಯನ್ನು ದಯವಿಟ್ಟು ನೀವೇ ಮಾಡಿ ನೋಡಿ.