ಮನೆ ಇನ್ಶೂರೆನ್ಸೂ ಮಾವನವರ ಸೈಟೂ

ನಮ್ಮ ಮನೆ ಇನ್ಶೂರೆನ್ಸು ದುಡ್ಡು ಕೊಡುವ ಆಪತ್ತುಗಳ ಪಟ್ಟಿಯಲ್ಲಿ ಕ್ಷಿಪಣಿ ಪರೀಕ್ಷೆಯೂ ಇದೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹ, ಗುಡ್ಡ ಕುಸಿತ, ಗಲಭೆ, ಇವುಗಳ ಜೊತೆ ತಣ್ಣಗೆ ಕ್ಷಿಪಣಿ. ಅದನ್ನು ಹಾರಿಸಿ ನೋಡುವುದು ಒಡಿಶಾದ ಚಾಂದೀಪುರದ ಕಡೆ. ನಮ್ಮ ಮನೆ ಇರುವುದು ಮೈಸೂರಲ್ಲಿ. ಆದರೂ ಒಂದು ಧೈರ್ಯ, ಅಲ್ವಾ?

ಪಾಲಿಸಿಯ ಹೆಸರು ಭಾರತ್ ಗೃಹ ರಕ್ಷಾ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಜಾರಿಗೆ ತಂದದ್ದು. ಯಾವ ಕಂಪನಿಯಲ್ಲಿ ಕೊಂಡರೂ ಮೂಲ ಷರತ್ತು ಅವೇ. ನಾನು ಓದಿ ಹೇಳುತ್ತಿದ್ದೆ, ಮಾವ ಪೇಪರ್ ಮಡಚಿಟ್ಟು ಕೇಳುತ್ತಿದ್ದರು.

"ಎಷ್ಟಕ್ಕೆ ಮಾಡ್ಸಿದೀರಮ್ಮಾ?"

"ಸಮ್ ಇನ್ಶೂರ್ಡ್, ಅಂದ್ರೆ ಹೆಚ್ಚೆಂದರೆ ಸಿಗೋ ಮೊತ್ತ, ಕಟ್ಟಡಕ್ಕೆ 25 ಲಕ್ಷ, ಮಾವ."

"ಕೋಟಿ ಬಾಳೋ ಮನೆಗಾ!"

ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳೊಳಗಿನ ನೆಲ, 1,250 ಚದರಡಿ, ಕಟ್ಟೋ ಖರ್ಚು ಚದರಡಿಗೆ 2,000 ರೂಪಾಯಿ, ಗುಣಿಸಿದರೆ ಅಷ್ಟೇ ಎಂದೆ. ಸೈಟಿನ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಮನೆ ಸುಟ್ಟರೂ ಸೈಟು ಅಲ್ಲೇ ಬಿದ್ದಿರುತ್ತದಲ್ಲ. ಮಾವ ಒಪ್ಪಲಿಲ್ಲ. ಸಂಬಳ ಉಳಿಸಿ ಉಳಿಸಿ ತೊಗೊಂಡ ಮೂವತ್ತು ನಲವತ್ತು ಸೈಟು ಅದು. ಅದನ್ನು ಸೊನ್ನೆ ಅಂದರೆ ಯಾರಿಗೆ ತಾನೆ ಬೇಜಾರಾಗಲ್ಲ? ಕಾಂಪೌಂಡು, ಗೇಟು, ಪೋರ್ಟಿಕೋ, ಕೊನೆಗೆ ಸೆಪ್ಟಿಕ್ ಟ್ಯಾಂಕೂ ಕಟ್ಟಡದಲ್ಲಿ ಸೇರಿದೆ ಅಂತ ಸಮಾಧಾನ ಮಾಡಿದೆ. "ಗುಂಡಿಗೆ ಬೆಲೆ ಇದೆ, ಸೈಟಿಗಿಲ್ಲ" ಎಂದು ಎದ್ದು ಹೋದರು.

ಆಮೇಲೆ ಅತ್ತೆ ಬಂದರು. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು ತಾನಾಗಿಯೇ ಸಿಗುತ್ತದೆ, ಹೆಚ್ಚೆಂದರೆ 10 ಲಕ್ಷ. ನಮಗೆ 5 ಲಕ್ಷ. ಅತ್ತೆಗೆ ಬೇಕಾಗಿದ್ದು ಬೆಳ್ಳಿ ಸಾಮಾನು ಮತ್ತು ಬಳೆ. ಅವಕ್ಕೆ ಬೇರೆ ಕವರ್ ಕೊಳ್ಳಬೇಕು.

"ಕಳ್ಳ ಬಂದ್ರೆ?"

ಇಲ್ಲಿದೆ ನೋಡಿ ಮಜಾ. ಈ ಪಾಲಿಸಿಯ ಕಳ್ಳ ಸುಮ್ನೆ ಬರೋ ಹಾಗಿಲ್ಲ. ಮೊದಲು ಬೆಂಕಿಯೋ ಪ್ರವಾಹವೋ ಬಂದು ಹೋಗಬೇಕು. ಅದಾಗಿ 7 ದಿನದೊಳಗೆ, ಅದೇ ಗಲಾಟೆಯಲ್ಲಿ, ಅವನು ಕದಿಯಬೇಕು. ಎಂಟನೇ ದಿನ ಬಂದರೆ ಅವನ ಪಾಡಿಗೆ ಅವನು, ನಮ್ಮ ಪಾಡಿಗೆ ನಾವು. ಮಾಮೂಲಿ ಕಳ್ಳನಿಗೆ ಬೇರೆ ಪಾಲಿಸಿ.

ಫ್ರಿಜ್ಜಿನ ಕಥೆ ಇನ್ನೂ ಚೆಂದ. ಶಾರ್ಟ್ ಸರ್ಕ್ಯೂಟ್ ಆಗಿ ಫ್ರಿಜ್ ಸುಟ್ಟರೆ ಫ್ರಿಜ್ಜಿಗೆ ದುಡ್ಡಿಲ್ಲ. ಆ ಬೆಂಕಿ ಹಬ್ಬಿ ಸೋಫಾ ಸುಟ್ಟರೆ ಸೋಫಾಕ್ಕೆ ಇದೆ. ಟ್ಯಾಂಕ್ ಒಡೆದು ನೀರು ನುಗ್ಗಿದರೆ ಇದೆ, ಮಳೆಗಾಲದಲ್ಲಿ ಗೋಡೆಗೆ ನಿಧಾನವಾಗಿ ಏರುವ ತೇವಕ್ಕಿಲ್ಲ. ನಮ್ಮನೆಗೆ ವರ್ಷವರ್ಷವೂ ಬರುವುದು ತೇವವೇ. ಒಂದು ಮಾತು ಒಪ್ಪಬೇಕು. ಹಿಂದೆಲ್ಲ ಅರ್ಧ ಬೆಲೆಗೆ ವಿಮೆ ಮಾಡಿಸಿದ್ದರೆ ನಷ್ಟದಲ್ಲೂ ಅರ್ಧವೇ ಕೊಡುತ್ತಿದ್ದರು. ಇದರಲ್ಲಿ ಆ ಕತ್ತರಿ ಇಲ್ಲ.

ಇಷ್ಟೆಲ್ಲ ಓದಿದ ಮೇಲೆ ನಮ್ಮನೆಗೆ ಬಂದ ಆಪತ್ತು ಯಾವುದು ಗೊತ್ತಾ? ತೆಂಗಿನಕಾಯಿ. ಪಕ್ಕದ ಮನೆಯವರ ಮರದಿಂದ ಧಡ್ ಅಂತ ಬಿದ್ದು, ಪೋರ್ಟಿಕೋ ಶೀಟಿನಲ್ಲಿ ತಟ್ಟೆಯಗಲ ತೂತು ಮಾಡಿ, ಸ್ಕೂಟರ್ ಸೀಟಿನ ಮೇಲೆ ಬಂದು ಕೂತಿತ್ತು. ಪಟ್ಟಿ ತೆಗೆದೆ. 'ಇಂಪ್ಯಾಕ್ಟ್ ಡ್ಯಾಮೇಜ್', ಅಂದರೆ ಹೊರಗಿನ ವಸ್ತು ಬಡಿದು ಆದ ಹಾನಿ. ವಾಹನ, ಬೀಳುವ ಮರ, ವಿಮಾನ ಅಂತೆಲ್ಲ ಉದಾಹರಣೆ ಕೊಟ್ಟಿದ್ದಾರೆ. ಮರ ಆಗುತ್ತದೆ ಅಂದಮೇಲೆ ಕಾಯಿ ಯಾಕಾಗಬಾರದು? ಫೋನ್ ಮಾಡಿದೆ.

"ಬಡಿದ ವಸ್ತು ಯಾವುದು ಮೇಡಂ?"

"ತೆಂಗಿನಕಾಯಿ."

ಆ ಕಡೆ ಸ್ವಲ್ಪ ಹೊತ್ತು ಟೈಪ್ ಮಾಡುವ ಸದ್ದು. "ಶೀಟಿನ ಫೋಟೋ, ಆ ವಸ್ತುವಿನ ಫೋಟೋ ಎರಡೂ ಕಳಿಸಿ."

ಅಡುಗೆಮನೆಗೆ ಓಡಿದೆ. ಅತ್ತೆ ಆಗಲೇ ಕಾಯಿ ತುರಿದು ಚಟ್ನಿಗೆ ಒಗ್ಗರಣೆ ಹಾಕುತ್ತಿದ್ದರು. ಗೇಟಿನ ಹತ್ತಿರ ಪಕ್ಕದ ಮನೆಯವರು ಬೇರೆ ನಿಂತಿದ್ದರು: "ನಮ್ಮ ಕಾಯಿ ಏನಾದ್ರೂ ಈ ಕಡೆ ಬಿತ್ತಾ?"

ಚಿಪ್ಪಿನ ಫೋಟೋ ಕಳಿಸಿದ್ದೇನೆ. ಕಂಪನಿಯಿಂದ ಇನ್ನೂ ಉತ್ತರ ಬಂದಿಲ್ಲ.